ತಂಗಳು ಬೇರೆ, ಹಳಸಲು ಬೇರೆ ಕಣ್ರಪ್ಪಾ

ಪ್ರತಿ ಡಿಸೆಂಬರ್ 26ಕ್ಕೆ, ಅಂದ್ರೆ ಕ್ರಿಸ್‌ಮಸ್ ಊಟದ ಟರ್ಕಿ ಕೋಳಿ ಉಳಿದ ಮಾರನೇ ದಿನ, ಅಮೆರಿಕಾ, ಇಂಗ್ಲೆಂಡ್‌ನಲ್ಲಿರೋ ನಮ್ಮವರ ಮನೆಗಳಲ್ಲಿ ಒಂದೇ ರಾಗ. "ಈ ಟರ್ಕಿ ಕೋಳಿ ಬರೀ ನಾರು ರೀ, ನಾಟಿ ಕೋಳಿ ಮುಂದೆ ನಿಲ್ಲಲ್ಲ." ನಾರಾಗಿದ್ದು ಕೋಳಿ ತಪ್ಪಾ? ಮಧ್ಯಾಹ್ನ ಮೂರಕ್ಕೆ ಓವನ್‌ನಿಂದ ಇಳಿದಿದ್ದು ರಾತ್ರಿ ಹತ್ತರವರೆಗೂ ಫಾಯಿಲ್ ಹೊದ್ದು ಮೇಜಿನ ಮೇಲೆ ಮಲಗಿರುತ್ತೆ. ಹೋಗೋರು ಬರೋರು ಒಂದೊಂದು ಚೂರು ಕಿತ್ತು ಬಾಯಿಗೆ ಹಾಕ್ಕೋತಾರೆ. ಹನ್ನೊಂದಕ್ಕೆ ಯಾರಿಗೋ ಜ್ಞಾನೋದಯ ಆಗಿ ತಟ್ಟೆ ಸಮೇತ ಫ್ರಿಜ್ಜಿಗೆ ತುರುಕ್ತಾರೆ.

ಓವನ್‌ನಿಂದ ಇಳಿಸಿ ಫ್ರಿಜ್ಜಿಗಿಡೋಕೆ ಎರಡು ಗಂಟೆ ಕಣ್ರೀ, ಅಷ್ಟೇ ನಿಮಗಿರೋ ಟೈಮು. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಮಾಂಸ, ಗ್ರೇವಿ ದೊಡ್ಡ ರಾಶಿಯಾಗಿ ನಿಧಾನಕ್ಕೆ ಆರೋ ಕಡೆ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅನ್ನೋ ಬ್ಯಾಕ್ಟೀರಿಯಾ ಕಾದು ಕೂತಿರುತ್ತೆ. ಅದರ ಬೀಜಕಗಳು ಓವನ್ ಬಿಸಿಗೂ ಸಾಯಲ್ಲ. ಉಗುರುಬೆಚ್ಚಗಾದಾಗ ಮೊಳೆತು ಲೆಕ್ಕವಿಲ್ಲದಷ್ಟು ಬೆಳೀತವೆ. ತಿಂದು 6ರಿಂದ 24 ಗಂಟೆಯೊಳಗೆ ಹೊಟ್ಟೆ ನುಲಿಯುತ್ತೆ, ಆಮೇಲೆ "ಬೆಣ್ಣೆ ಜಾಸ್ತಿ ಆಯ್ತೇನೋ" ಅಂತ ಬೆಣ್ಣೆಗೆ ಬೈಗುಳ.

"ಬೆಳಿಗ್ಗೆ ಕುದಿಸಿದ್ರಾಯ್ತು ಬಿಡಿ" ಅನ್ನೋ ಮಹಾನುಭಾವರು ಬೇರೆ ಇದಾರೆ. ಊರಲ್ಲಿ ರಾತ್ರಿ ಸಾರನ್ನ ಬೆಳಿಗ್ಗೆ ಕುದಿಸಿ ಇಡೋ ಅಭ್ಯಾಸ ಅದು. ಚೆನ್ನಾಗಿ ಕುದಿಸಿದ್ರೆ ಬೆಳೆದ ಪರ್ಫ್ರಿಂಜೆನ್ಸ್ ಸಾಯುತ್ತೆ, ಒಪ್ಪೋಣ. ಆದ್ರೆ ಹತ್ತು ಜನ ಬೆರಳು ಹಾಕಿ ಕಿತ್ತಿದಾರಲ್ಲ, ಆ ಬೆರಳುಗಳಿಂದ ಸ್ಟೆಫಿಲೊಕಾಕಸ್ ಅನ್ನೋ ಇನ್ನೊಂದು ಬ್ಯಾಕ್ಟೀರಿಯಾ ಬಂದು ವಿಷ ಬಿಟ್ಟಿದ್ರೆ ಅದು ಕುದಿಸಿದ್ರೂ ಹೋಗಲ್ಲ. ಅಷ್ಟಕ್ಕೂ ಕುದಿಸೋದ್ಯಾರು? ಮೈಕ್ರೋವೇವಲ್ಲಿ ನಲವತ್ತು ಸೆಕೆಂಡು ತಿರುಗಿಸಿ, ಅಂಚು ಚರ್ಮದಂತೆ, ನಡು ತಣ್ಣಗೆ.

ಮಾಡಬೇಕಿರೋದು ಬ್ರಹ್ಮವಿದ್ಯೆ ಏನಲ್ಲ. ಬಡಿಸಿ ಮುಗಿದ ತಕ್ಷಣ, ಕಾಫಿಗೂ ಮುಂಚೆ, ಕೋಳಿ ಹೊಟ್ಟೆಯೊಳಗೆ ತುಂಬಿದ ಹೂರಣ, ಅದೇ ಸ್ಟಫಿಂಗ್, ಪೂರ್ತಿ ತೆಗೆದು ಬೇರೆ ಡಬ್ಬಿಗೆ. ತೊಡೆ, ಕಾಲು, ರೆಕ್ಕೆ ಕೀಲಲ್ಲಿ ಬಿಡಿಸಿ. ಎದೆಮೂಳೆಗೆ ಚಾಕು ತಾಗಿಸಿಕೊಂಡೇ ಇಳಿಸಿದ್ರೆ ಎರಡೂ ಕಡೆ ಮಾಂಸ ಇಡಿಯಾಗಿ ಬಿಟ್ಟು ಬರುತ್ತೆ. ಅದನ್ನ ಅಂಗೈಯಗಲದ ತುಂಡು ಮಾಡಿ. ಕಾಗದದಂಗೆ ಹೆಚ್ಚಿಡಬೇಡಿ, ಬೆಳಗಾಗೋದ್ರೊಳಗೆ ಒಣಗುತ್ತೆ. 5 ಸೆಂಟಿಮೀಟರಿಗಿಂತ ಆಳ ಇಲ್ಲದ ಅಗಲ ಡಬ್ಬಿಯಲ್ಲಿ ಹರಡಿ, ಮಾಂಸ ಮುಳುಗೋ ಅಷ್ಟು ಗ್ರೇವಿನೋ ಸ್ಟಾಕೋ (ಮೂಳೆ ಬೇಯಿಸಿ ಸೋಸಿದ ರಸ) ಸುರಿದು ಫ್ರಿಜ್ಜಿಗಿಡಿ.

ಈ ಸುರಿಯೋ ಕೆಲಸಾನೇ ಯಾರೂ ಮಾಡಲ್ಲ, ಮಾರನೇ ದಿನ "ರಟ್ಟಿನ ವಾಸನೆ" ಅಂತ ಮೂಗು ಮುರೀತಾರೆ. ಆ ವಾಸನೆಗೆ ಆಹಾರ ವಿಜ್ಞಾನಿಗಳು 1958ರಲ್ಲೇ ವಾರ್ಮ್ಡ್ ಓವರ್ ಫ್ಲೇವರ್ ಅಂತ ಹೆಸರಿಟ್ಟಿದಾರೆ. ಬೇಯಿಸಿದಾಗ ಮಾಂಸದೊಳಗಿನ ಕಬ್ಬಿಣ ಬಿಡುಗಡೆಯಾಗಿ, ಗಾಳಿ ಸೇರಿ ಕೊಬ್ಬನ್ನ ಕೆಡಿಸುತ್ತೆ. ಟರ್ಕಿ ಕೋಳಿಯಲ್ಲಿ ಬೇಗ ಕೆಡೋ ಅಪರ್ಯಾಪ್ತ ಕೊಬ್ಬು ಜಾಸ್ತಿ, ಅದನ್ನ ಕಾಯೋ ವಿಟಮಿನ್ ಇ ಮಾಮೂಲಿ ಕೋಳಿಗಿಂತ ಕಡಿಮೆ. ಗಾಳಿ ತಾಗದಂತೆ ಮುಳುಗಿಸಿಡಿ ಅನ್ನೋದು ಅದಕ್ಕೇ.

ಇನ್ನು ಆ ಮೂಳೆಗೂಡು! ಕಸದ ಬುಟ್ಟಿಗೆ ಹಾಕೋರನ್ನ ಕಂಡ್ರೆ ಮೈ ಉರಿಯುತ್ತೆ. ಬೆನ್ನುಮೂಳೆ ಮುರಿದು ಸ್ಟಾಕಿಗೆ ಐದು ಲೀಟರ್ ಕುಕ್ಕರಿಗೆ ಹಾಕಿ, ಎರಡು ಲೀಟರ್ ನೀರು, ಒಂದು ಈರುಳ್ಳಿ, ಹತ್ತು ಕಾಳು ಮೆಣಸು. ಎಲ್ಲಾ ಸೇರಿ ಕುಕ್ಕರಿನ ಮೂರನೇ ಎರಡು ಭಾಗ ದಾಟಬಾರದು. ಉಪ್ಪು ಬೇಡ್ವೇ ಬೇಡ, ಅಂಗಡಿಯ ಎಷ್ಟೋ ಹಕ್ಕಿಗಳಿಗೆ ಉಪ್ಪುನೀರು ಚುಚ್ಚೇ ಮಾರ್ತಾರೆ. ಹೊಟ್ಟೆಯಲ್ಲಿಟ್ಟ ನಿಂಬೆಹಣ್ಣು ತೆಗೀರಿ, ಕಹಿ ಬಿಡುತ್ತೆ. ಸೇಜ್ ಸೊಪ್ಪು ಮೆತ್ತಿದ ಚರ್ಮಾನೂ ತೆಗೀರಿ, ಅದು ಧನಿಯಾ-ಕಾಯಿ ಮಸಾಲೆಗೆ ಒಗ್ಗೋದೇ ಇಲ್ಲ. ಸಣ್ಣ ಉರಿಯಲ್ಲಿ 45 ನಿಮಿಷ. ಸೋಸಿದ ಪಾತ್ರೆನ ಸಿಂಕಲ್ಲಿ ಐಸ್ ನೀರಿನ ಮಧ್ಯೆ ಇಟ್ಟು ತಿರುವಿ ಆರಿಸಿ. ಬಿಸಿ ಹಂಡೆಯನ್ನ ಹಾಗೇ ಫ್ರಿಜ್ಜಿಗಿಟ್ರೆ ನಡು ಆರೋಕೆ ರಾತ್ರಿಯೆಲ್ಲಾ ಬೇಕು. ಬೆಳಿಗ್ಗೆ ಜೆಲ್ಲಿಯಂತೆ ಅಲುಗಾಡಿದ್ರೆ ಗೆದ್ರಿ.

ಆಮೇಲೆ ಅಡುಗೆ. ಎಲ್ಲರೂ ಮಾಡೋ ತಪ್ಪು ಒಂದೇ: ಬೆಂದಿದ್ದನ್ನ ಹಸಿ ಕೋಳಿ ಅಂದ್ಕೊಂಡು ಮಸಾಲೆ ಜೊತೆ ಮೂರು ವಿಶಲ್ ಕೂಗಿಸೋದು. ಎದೆ ಮಾಂಸ ಒಂದು ಸಲ ಬೆಂದಾಗಲೇ ನೀರು ಹಿಂಡಿಕೊಂಡಿರುತ್ತೆ, ಇನ್ನೊಂದು ಸಲ ಬೇಯಿಸಿದ್ರೆ ನಾರಲ್ಲದೆ ಮೃದಂಗದ ನಾದ ಬರುತ್ತಾ? ಸಾರಿಗೆ ತೊಡೆ ಮಾಂಸ ಇಟ್ಕೊಳ್ಳಿ, ಅದು ಬಿಸಿ ತಡೆಯುತ್ತೆ. ಒಂದು ಲೀಟರ್ ಸ್ಟಾಕಲ್ಲಿ ಮಸಾಲೆಯ ಹಸಿ ವಾಸನೆ ಹೋಗೋವರೆಗೂ, ಅಂದ್ರೆ ಕಾಲು ಗಂಟೆ ಕುದಿಸಿ. ಮಾಂಸ ಕೊನೆಗೆ, 400 ಗ್ರಾಂ, ನಡುಭಾಗ 74 ಡಿಗ್ರಿ ಮುಟ್ಟೋವರೆಗೆ ನಾಲ್ಕೈದು ನಿಮಿಷ ಸಾಕು. ಉಳಿದ ತೊಡೆ ಕೊಚ್ಚಿದ್ರೆ ಕೈಮಾ ಉಂಡೆ. ಎದೆಯನ್ನ ಬಿಸಿ ಮಾಡಲೇಬೇಕು ಅಂತ ಹೇಳಿದ್ಯಾರು? ಇಂಗ್ಲೆಂಡಿನವರು ಬಾಕ್ಸಿಂಗ್ ಡೇ ದಿನ, ಅದೇ ಡಿಸೆಂಬರ್ 26ಕ್ಕೆ, ತಣ್ಣಗೇ ಉಪ್ಪಿನಕಾಯಿ ಜೊತೆ ತಿಂತಾರೆ. ಬಿಡಿಸಿ ಈರುಳ್ಳಿ, ಹಸಿಮೆಣಸು, ನಿಂಬೆರಸ, ಕೊತ್ತಂಬರಿ, ಒಂದು ಚಮಚ ಗಟ್ಟಿ ಮೊಸರು ಕಲಸಿ ದೋಸೆಗೆ ಸುತ್ತಿ, ಆಮೇಲೆ ಮಾತಾಡಿ.

ಅಮೆರಿಕಾದ ಕೃಷಿ ಇಲಾಖೆ ಫ್ರಿಜ್ಜಲ್ಲಿ 3-4 ದಿನ ಅನ್ನುತ್ತೆ, ಬ್ರಿಟನ್ನಿನ ಆಹಾರ ಸಂಸ್ಥೆ ಎರಡೇ ದಿನ. ಅಷ್ಟರಲ್ಲಿ ಮುಗಿಯಲ್ಲ ಅನ್ಸಿದ್ರೆ ಮೊದಲನೇ ರಾತ್ರಿಯೇ 250 ಗ್ರಾಂ ಪೊಟ್ಟಣ ಮಾಡಿ, ಒಂದು ಸೌಟು ಸ್ಟಾಕ್ ಹಾಕಿ, ಗಾಳಿ ಒತ್ತಿ ತೆಗೆದು, ಚಪ್ಪಟೆಯಾಗಿ ಫ್ರೀಜ್ ಮಾಡಿ. ನಾಲ್ಕನೇ ದಿನ ಫ್ರೀಜರ್ ನೆನಪಾಗೋದು ಯಾವ ಸೀಮೆ ಜಾಣತನ?

ಆದ್ರೂ 30ನೇ ತಾರೀಕು ಹಿಂದಿನ ಮೂಲೆಯಿಂದ ಒಂದು ಡಬ್ಬಿ ಹೊರಗೆ ಬಂದೇ ಬರುತ್ತೆ. ಮುಚ್ಚಳ ತೆಗೆದು ಮೂಸಿ "ಏನೂ ಆಗಿಲ್ಲ, ಘಮ್ ಅಂತಿದೆ" ಅಂತ ತೀರ್ಪು ಬೇರೆ. ಹೊಟ್ಟೆ ಕೆಡಿಸೋ ಕ್ರಿಮಿ ನಿಮ್ಮ ಮೂಗಿಗೆ ಸಿಗಲ್ಲ ರೀ, ಬಿಸಾಕಿ! ಮುಚ್ಚಳದ ಮೇಲೆ ತಾರೀಕು ಬರೆಯೋಕೆ ಅಷ್ಟು ದೊಡ್ಡ ಮನೇಲಿ ಒಂದು ಪೆನ್ನು ಸಿಗಲಿಲ್ವಾ?