ಇನ್‌ಕ್ರಿಮೆಂಟ್ ಮಾತು ಬೇರೆ ದಿನ, ಕಲಿಕೆ ಮಾತು ಬೇರೆ ದಿನ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದವರೆಗೆ ಚಹಾದಂಗಡಿಗಳಲ್ಲಿ ಒಂದೇ ಮಾತು: "ಎಷ್ಟ್ ಪರ್ಸೆಂಟ್ ಆತು?" ಈ ವರ್ಷ ಏನು ಹೊಸದು ಕಲಿತೆ ಅಂತ ಯಾರೂ ಕೇಳುವುದಿಲ್ಲ.

ನಾನು ಗಾಡಿಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಅಪ್ರೈಸಲ್, ಅಂದರೆ ವರ್ಷದ ಕೆಲಸದ ಮೌಲ್ಯಮಾಪನ, ಮಾಡಿಸಿಕೊಂಡೂ ಗೊತ್ತು, ಬೇರೆಯವರಿಗೆ ಮಾಡಿಯೂ ಗೊತ್ತು. ನಮ್ಮ ಫಾರ್ಮಿನ ಕೊನೆಯಲ್ಲಿ ಒಂದು ಕಾಲಂ ಇದೆ: 'ಯಾವ ತರಬೇತಿ ಬೇಕು?' ಮುಕ್ಕಾಲು ಜನ ಅಲ್ಲಿ ಬರೆಯುವುದು ಕಮ್ಯುನಿಕೇಷನ್ ಸ್ಕಿಲ್ ಇಲ್ಲವೇ ಎಕ್ಸೆಲ್. ಡ್ರಾಯಿಂಗಿನಲ್ಲಿರುವ ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚು-ಕಡಿಮೆ ನಡೆದೀತು ಎನ್ನುವ) ಚಿಹ್ನೆಗಳು ನನಗೆ ಸರಿಯಾಗಿ ಅರ್ಥವಾಗುವುದಿಲ್ಲ ಅಂತ ಬರೆದವರನ್ನು ನಾನು ನೋಡಿಲ್ಲ. ಒಬ್ಬ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಶೀನ್) ಆಪರೇಟರ್ ನನಗೆ ಬಿಡಿಸಿ ಹೇಳಿದ: "ಬರದ್ರ ಏನಾಕ್ಕೈತ್ರಿ ಸರ್? ಇಷ್ಟ್ ವರ್ಷ ಆತು, ಇನ್ನೂ ಬರೂದಿಲ್ಲೇನು ಅಂತ ಮಾರ್ಕ್ಸ್ ಕಟ್ ಮಾಡ್ತಾರ." ಅವನ ಲೆಕ್ಕ ಸರಿಯಾಗಿಯೇ ಇದೆ, ಅಲ್ವಾ?

ಅದೇ ಹುಡುಗ ಶಾಪ್ ಫ್ಲೋರಿನಲ್ಲಿ ಬೇರೆಯೇ ಮನುಷ್ಯ. ಅಲ್ಲಿ ಗೋಡೆಯ ಮೇಲೆ ಸ್ಕಿಲ್ ಮ್ಯಾಟ್ರಿಕ್ಸ್ ಬೋರ್ಡ್ ಇದೆ. ಪ್ರತಿಯೊಬ್ಬರ ಹೆಸರಿನ ಮುಂದೆ, ಪ್ರತಿ ಕೆಲಸಕ್ಕೂ ಒಂದೊಂದು ವೃತ್ತ. ಕಾಲು ತುಂಬಿದ್ದರೆ ಈಗ ಕಲಿಯುತ್ತಿದ್ದಾನೆ. ಅರ್ಧ ಅಂದರೆ ಪಕ್ಕದಲ್ಲಿ ಒಬ್ಬರಿದ್ದರೆ ಮಾಡುತ್ತಾನೆ. ಮುಕ್ಕಾಲು ಅಂದರೆ ಒಬ್ಬನೇ ನಿಭಾಯಿಸುತ್ತಾನೆ. ಪೂರ್ತಿ ತುಂಬಿದರೆ ಇನ್ನೊಬ್ಬರಿಗೆ ಕಲಿಸಬಲ್ಲ. ಆ ಬೋರ್ಡ್ ಮುಂದೆ ನಿಂತು ಅವನೇ ಕೇಳುತ್ತಾನೆ, "ಸಿಎಂಎಂ ಮಶೀನಿಂದು ನನಗ ಬರೂದಿಲ್ರಿ, ಮುಂದಿನ ಶಿಫ್ಟಿಗೆ ಅಲ್ಲೇ ಹಾಕ್ರಿ." (ಸಿಎಂಎಂ ಅಂದರೆ ಪಾರ್ಟಿನ ಅಳತೆ ಕರಾರುವಾಕ್ಕಾಗಿ ನೋಡುವ ಮಶೀನು.) ಬರುವುದಿಲ್ಲ ಎನ್ನಲು ಅವನಿಗೆ ನಾಚಿಕೆ ಇಲ್ಲ. ಯಾಕೆಂದರೆ ಆ ವೃತ್ತಕ್ಕೂ ಸಂಬಳಕ್ಕೂ ಸಂಬಂಧವಿಲ್ಲ. ನಾಳೆ ಎರಡನ್ನೂ ಜೋಡಿಸಿ ನೋಡಿ, ಒಂದೇ ವಾರದಲ್ಲಿ ಎಲ್ಲರ ವೃತ್ತಗಳೂ ಹುಣ್ಣಿಮೆ ಚಂದ್ರ.

ಇದು ನಾನು ಕಂಡುಹಿಡಿದ ಸಂಗತಿಯೇನಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಡೆದ ಒಂದು ಅಧ್ಯಯನ 1965ರಲ್ಲೇ ಪ್ರಕಟವಾಗಿತ್ತು. ಅಪ್ರೈಸಲ್‌ನಲ್ಲಿ ತಪ್ಪು ಎತ್ತಿ ಆಡಿದಷ್ಟೂ ಜನ ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೆ, ಕೆಲಸ ಸುಧಾರಿಸುವುದಿಲ್ಲ. ಸಂಬಳದ ಮಾತನ್ನೂ ಸುಧಾರಣೆಯ ಮಾತನ್ನೂ ಬೇರೆ ಮಾಡಿ ಅಂತ ಅದು ಹೇಳಿತ್ತು. ತಮಾಷೆ ಅಂದರೆ, ಮುಂದೆ ಮುಖ್ಯಸ್ಥ ಜ್ಯಾಕ್ ವೆಲ್ಚ್ ಕಾಲದಲ್ಲಿ ಕೊನೆಯ ಶೇ. 10 ಜನರನ್ನು ಹೊರಗೆ ಕಳಿಸುವ ಪದ್ಧತಿಗೆ ಹೆಸರಾದದ್ದೂ ಇದೇ ಕಂಪನಿ. ನೌಕರರನ್ನು ಹೀಗೆ ಸಾಲಾಗಿ ನಿಲ್ಲಿಸಿ ರೇಟಿಂಗ್ ಕೊಡುವುದನ್ನು ಮೈಕ್ರೋಸಾಫ್ಟ್ 2013ರಲ್ಲಿ ಕೈಬಿಟ್ಟಿತು. ನಮ್ಮ ಕಡೆ ಬೆಲ್ ಕರ್ವ್, ಅಂದರೆ ಇಷ್ಟು ಜನರಿಗೆ ಮೇಲಿನ ರೇಟಿಂಗ್, ಇಷ್ಟು ಜನರಿಗೆ ಕೆಳಗಿನದು ಅಂತ ಮೊದಲೇ ಹಂಚಿಡುವ ಪದ್ಧತಿ, ಇನ್ನೂ ಗಟ್ಟಿಯಾಗಿದೆ. ಪಕ್ಕದವನಿಗೆ ಕೆಲಸ ಕಲಿಸಿದರೆ ಅವನು ನನಗಿಂತ ಮೇಲೆ ಹೋಗುತ್ತಾನೆ ಅನ್ನುವ ಲೆಕ್ಕವಿದ್ದಾಗ ಸುಮ್ನೆ ಯಾರು ಕಲಿಸುತ್ತಾರೆ?

ಸರ್ಕಾರಿ ನೌಕರಿಯ ಕಥೆ ಇನ್ನೊಂದು. ಗಡಿ ರಸ್ತೆ ಸಂಸ್ಥೆಯ ಎಂಜಿನಿಯರ್ ದೇವ್ ದತ್ ಅವರಿಗೆ ಒಂದು ವರ್ಷ ಮೇಲಧಿಕಾರಿ ಬರೆಯುವ ಗೌಪ್ಯ ವರದಿಯಲ್ಲಿ 'ಗುಡ್' ಅಂತ ಬಿದ್ದಿತ್ತು. ಪ್ರಮೋಷನ್‌ಗೆ 'ವೆರಿ ಗುಡ್' ಬೇಕಿತ್ತು. ಆ ಷರಾ ಅವರಿಗೆ ತಿಳಿಸಿರಲೇ ಇಲ್ಲ. ಷರಾ ಯಾವುದೇ ಇರಲಿ, ನೌಕರನಿಗೆ ತಿಳಿಸಲೇಬೇಕು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲಿ ಕಡಿಮೆ ಬಿದ್ದೆ ಅಂತಲೇ ಗೊತ್ತಿಲ್ಲದವರು ಏನನ್ನು ಸುಧಾರಿಸಿಕೊಳ್ಳಬೇಕು?

ಸಂಬಳವನ್ನೂ ಕಲಿಕೆಯನ್ನೂ ಬೇರೆ ಮಾಡಬೇಕು ಅಂದರೆ ಬ್ಯಾಂಕಿನ ಗೆಳೆಯರು ಒಪ್ಪುವುದಿಲ್ಲ. ಜೆಎಐಐಬಿ, ಸಿಎಐಐಬಿ ಎಂಬ ಬ್ಯಾಂಕಿಂಗ್ ಪರೀಕ್ಷೆ ಪಾಸಾದರೆ ಇನ್‌ಕ್ರಿಮೆಂಟ್ ಸಿಗುತ್ತದೆ, ದುಡ್ಡು ಇದ್ದದ್ದಕ್ಕೇ ಓದಿದ್ದೇವೆ ಅನ್ನುತ್ತಾರೆ. ನಿಜವೇ. ಆದರೆ ಅಲ್ಲಿ ಪರೀಕ್ಷೆ ಇದೆ, ಸಾಹೇಬರ ಮೂಡ್ ಇಲ್ಲ. (ಪಾಸಾದ ಮೇಲೆ ಎಷ್ಟು ನೆನಪಿದೆ ಅಂತ ಕೇಳಿದರೆ ಮಾತ್ರ ಅವರು ಚಹಾ ಆರ್ಡರ್ ಮಾಡುತ್ತಾರೆ.)

ಸಣ್ಣ ಕಾರ್ಖಾನೆಗಳ ಮಾಲೀಕರ ದೂರು ಬೇರೆ: ಕಲಿಸಿದರೆ ಹುಡುಗರು ಪುಣೆಗೆ ಹಾರುತ್ತಾರೆ. ಹಾರುತ್ತಾರೆ, ಸುಳ್ಳಲ್ಲ. ಆದರೆ ಬಿಟ್ಟುಹೋಗುವಾಗ ನನ್ನ ಹತ್ತಿರ ಜಾಸ್ತಿ ಜನ ಹೇಳಿದ್ದು "ಅದ ಮಶೀನ್, ಅದ ಪಾರ್ಟ್, ಬ್ಯಾಸರ ಆಗೈತ್ರಿ" ಅಂತ.

ಇನ್‌ಕ್ರಿಮೆಂಟ್ ಪತ್ರ ಏಪ್ರಿಲ್‌ನಲ್ಲೇ ಬರಲಿ. ಕಲಿಕೆಯ ಮಾತು ದಸರಾ ಕಳೆದ ಮೇಲೆ, ಆ ಬೋರ್ಡ್ ಮುಂದೆ ನಡೆಯಲಿ. ಕಲಿಯಲು ಡ್ಯೂಟಿ ಟೈಮಿನಲ್ಲೇ ಅವಕಾಶ ಇರಲಿ, ಓವರ್‌ಟೈಮ್ ಬಿಟ್ಟು ಬಾ ಅನ್ನಬೇಡಿ. ನಮ್ಮಲ್ಲಿ ಈ ಮಾತು ಎತ್ತಿದ್ದೇನೆ. ಆಡಿಟ್‌ಗೆ ತೋರಿಸಲು ಏನಾದರೂ ಕಾಗದ ಬೇಕಲ್ಲ ಅಂತ ಎಚ್‌ಆರ್‌ನವರ ಚಿಂತೆ. ಸಹಿ ಎಷ್ಟು ಬೇಕಾದರೂ ಹಾಕಿಕೊಡೋಣ, ರೇಟಿಂಗ್ ಬೇಡ ಅಂದಿದ್ದೇನೆ. ಉತ್ತರ ಬಂದಿಲ್ಲ. ನಿಮ್ಮ ಕಂಪನಿಯಲ್ಲಿ ಎರಡನ್ನೂ ಬೇರೆ ಮಾಡಿದ್ದರೆ ಹೇಗೆ ಮಾಡಿದ್ದೀರಿ ಅಂತ ಬರೆಯಿರಿ, ನಮ್ಮವರಿಗೆ ತೋರಿಸುತ್ತೇನೆ.