ಪಶುವೈದ್ಯರ ಖರ್ಚು: ನಾಲ್ಕು ಕಡೆ ವಿಚಾರಿಸುವ ಹೊಣೆ ಸಾಕಿದವರದೇ?

ಪರ: ಕೇಳಲು ಸಂಕೋಚವೇಕೆ?

ದಾವಣಗೆರೆ ಎಪಿಎಂಸಿಯ ದರ ತಿಳಿಯದೆ ಮೆಕ್ಕೆಜೋಳದ ಚೀಲವನ್ನು ಗಾಡಿಗೆ ಏರಿಸುವವರು ನಮ್ಮಲ್ಲಿಲ್ಲ. ಮದುವೆ ಜವಳಿಗೆಂದು ಚೌಕಿಪೇಟೆಯ ಅಂಗಡಿ ಅಂಗಡಿ ಹತ್ತಿ ಇಳಿಯುತ್ತೇವೆ. ಎಮ್ಮೆಗೋ ನಾಯಿಗೋ ಕಾಯಿಲೆ ಬಂದಾಗ ಮಾತ್ರ ಚೀಟಿಯಲ್ಲಿ ಏನು ಬರೆದಿದೆ ಎಂದು ಕೇಳಲೂ ನಾಲಿಗೆ ಏಳುವುದಿಲ್ಲ.

ಎಲ್ಲ ಖರ್ಚೂ ನಡುರಾತ್ರಿಯಲ್ಲಿ ಬಾಗಿಲು ತಟ್ಟುವುದಿಲ್ಲ. ಜಂತುಹುಳುವಿನ ಔಷಧ, ಲಸಿಕೆ, ನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆ, ಇವನ್ನೆಲ್ಲ ವಾರ ಮೊದಲೇ ವಿಚಾರಿಸಬಹುದು. ಕಾಲುಬಾಯಿ ಜ್ವರದ ಲಸಿಕೆಯನ್ನು ಸರ್ಕಾರ ಉಚಿತವಾಗಿಯೇ ಹಾಕುತ್ತದೆ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಆಸುಪಾಸಿನಲ್ಲಿ ನಾಯಿಗಳಿಗೂ ಉಚಿತ ಶಿಬಿರಗಳು ನಡೆಯುತ್ತವೆ. ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಪಾರ್ವೊ ಎಂಬ ಕರುಳಿನ ಸೋಂಕಿನ ಲಸಿಕೆ ಆರಂಭಿಸದೆ, ರಕ್ತಭೇದಿ ಶುರುವಾದ ಮೇಲೆ ದಿನಗಟ್ಟಲೆ ಡ್ರಿಪ್ ಹಾಕಿಸಿದವರ ಸಂಕಟವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಚೀಟಿಯಲ್ಲಿ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಿ. ನೋವಿಗೆ ಕೊಡುವ ಮೆಲಾಕ್ಸಿಕಾಂ ಹಲವು ಕಂಪನಿಗಳ ಹೆಸರಿನಲ್ಲಿ, ಹಲವು ಬೆಲೆಗೆ ಸಿಗುತ್ತದೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಪಶು ಔಷಧಿ’ ಯೋಜನೆಯ ಗುರಿಯೂ ಜಾನುವಾರುಗಳಿಗೆ ಅಗ್ಗದ ಜೆನೆರಿಕ್, ಅಂದರೆ ಮೂಲ ಹೆಸರಿನಲ್ಲೇ ಮಾರುವ, ಔಷಧ ಒದಗಿಸುವುದು. ಕೇಳುವವರೇ ಇಲ್ಲದಿದ್ದರೆ ಅಂಗಡಿಯವನು ಅದನ್ನು ಏಕೆ ತಂದಿಡುತ್ತಾನೆ?

ವಿರೋಧ: ಹಸು ಮಲಗಿದ ರಾತ್ರಿ

ಜಗಳೂರು ಕಡೆಯ ಹಟ್ಟಿ ನಮ್ಮದು. ಕರು ಹಾಕಿದ ಮಾರನೆಯ ರಾತ್ರಿ ನಮ್ಮ ಮಿಶ್ರತಳಿ ಹಸು ಮಲಗಿದ್ದು ಏಳಲಿಲ್ಲ. ಕಿವಿ ತಣ್ಣಗಾಗಿತ್ತು, ಕತ್ತು ಪಕ್ಕೆಗೆ ತಿರುಗಿತ್ತು. ಹಾಲುಜ್ವರ. ಹೆಸರಿನಲ್ಲಿ ಜ್ವರವಿದೆ, ಮೈಯಲ್ಲಿ ಕಾವೇ ಇರುವುದಿಲ್ಲ. ರಕ್ತದ ಕ್ಯಾಲ್ಸಿಯಂ ಕುಸಿದಿರುತ್ತದೆ. ನರಕ್ಕೆ ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ಇಳಿಸಬೇಕು. ಅವಸರ ಮಾಡಿದರೆ ಹೃದಯ ನಿಲ್ಲಬಹುದು, ತಡಮಾಡಿದರೆ ಹಸು ಕೈತಪ್ಪುತ್ತದೆ.

ಆ ಹೊತ್ತಿನಲ್ಲಿ ಯಾರ ದರವನ್ನು ಯಾರದರೊಂದಿಗೆ ಹೋಲಿಸಲಿ? ಬರುತ್ತೇನೆ ಎಂದವರು ಒಬ್ಬರೇ. ಕೇಳಿದಷ್ಟು ಕೊಟ್ಟೆ. ಡೈರಿಯ ಒಂದು ಬಟವಾಡೆಯ ಹಣ ಅಲ್ಲಿಗೆ ಮುಗಿಯಿತು. ವೈದ್ಯರನ್ನು ನಾನು ದೂರುತ್ತಿಲ್ಲ. ಕತ್ತಲಲ್ಲಿ ಬೈಕಿನಲ್ಲಿ ಬಂದು, ಹಸು ಎದ್ದು ನಿಲ್ಲುವವರೆಗೂ ಕೂತಿದ್ದರು. ನಾಳೆ ಮತ್ತೆ ಅವರನ್ನೇ ಕರೆಯಬೇಕು. ಅಂಥವರ ಬಳಿ ಚೌಕಾಸಿಗೆ ಬಾಯಿ ಬರುವುದಿಲ್ಲ. ಮೆಕ್ಕೆಜೋಳವನ್ನಾದರೆ ದರ ಏರುವವರೆಗೆ ಮನೆಯಲ್ಲೇ ಇಟ್ಟುಕೊಳ್ಳಬಹುದು.

1962ಕ್ಕೆ ಕರೆ ಮಾಡಿದರೆ ಸರ್ಕಾರದ ಸಂಚಾರಿ ಚಿಕಿತ್ಸಾ ವಾಹನ ಬರುತ್ತದೆ, ನಿಜ. ಅದು ಬೇರೊಂದು ಹಟ್ಟಿಯಲ್ಲಿದ್ದರೆ ಕಾಯಬೇಕು.

ಅಗ್ಗವನ್ನು ಹುಡುಕುತ್ತ ಹೊರಟವರು ಎಲ್ಲಿಗೆ ತಲುಪುತ್ತಾರೆ ಎಂಬುದೇ ನನ್ನ ದೊಡ್ಡ ಭಯ. ಸೂಜಿ ಚುಚ್ಚುವುದನ್ನಷ್ಟೇ ಕಲಿತವನ ಬಳಿಗೆ, ಇಲ್ಲವೇ ಮನುಷ್ಯರ ಔಷಧದಂಗಡಿಯ ಡೈಕ್ಲೋಫಿನಾಕ್ ಎಂಬ ನೋವಿನ ಔಷಧದ ಬಳಿಗೆ. ಆ ಔಷಧ ಕೊಟ್ಟ ದನದ ಹೆಣ ತಿಂದು ರಣಹದ್ದುಗಳು ಸತ್ತವೆಂದೇ ಪಶುಗಳಿಗೆ ಅದನ್ನು 2006ರಲ್ಲಿ ನಿಷೇಧಿಸಲಾಯಿತು.

ಹೋಲಿಸಿ ನೋಡಿ ಎನ್ನುವವರು ಮೊದಲು ಹೋಲಿಸಲು ಏನಾದರೂ ಕೊಡಬೇಕು. ಬ್ರಿಟನ್ನಿನಂಥ ದೇಶದಲ್ಲೂ 2024ರಲ್ಲಿ ಮಾರುಕಟ್ಟೆ ಸ್ಪರ್ಧೆಯ ಮೇಲೆ ಕಣ್ಣಿಡುವ ಪ್ರಾಧಿಕಾರ ಪರಿಶೀಲಿಸಿದಾಗ, ಐದರಲ್ಲಿ ನಾಲ್ಕಕ್ಕೂ ಹೆಚ್ಚು ಪಶು ಚಿಕಿತ್ಸಾಲಯಗಳ ಜಾಲತಾಣದಲ್ಲಿ ದರವೇ ಇರಲಿಲ್ಲ. ನಮ್ಮಲ್ಲಿ ಜಾಲತಾಣ ಬೇಡ, ಗೋಡೆ ಸಾಕು: ಮನೆಗೆ ಬಂದರೆ ಎಷ್ಟು, ರಾತ್ರಿಯಾದರೆ ಎಷ್ಟು, ಕರು ಅಡ್ಡ ಬಂದು ಎಳೆಯಬೇಕಾದರೆ ಎಷ್ಟು. ಮೊನ್ನೆ ಆ ವೈದ್ಯರನ್ನೇ ಕೇಳಿದೆ, ಹಾಲಿನ ಡೈರಿಯ ಗೋಡೆಯ ಮೇಲೆ ಬರೆಸಲೇ ಎಂದು. ಬರೆಸಿ ಎಂದರು. ಹಾಲಿನ ಫ್ಯಾಟ್ ಪಟ್ಟಿಯ ಪಕ್ಕದಲ್ಲಿ ಜಾಗವಿದೆ.