ಹಣ್ಣಿನ ನೊಣದ ಕಿಣ್ವದ ಕುರಿತ ಸಂದೇಶ: ಒಂದು ಸ್ಪಷ್ಟನೆ

ಬೆಂಗಳೂರಿನ ಜೀವವಿಜ್ಞಾನ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ, “ಹಣ್ಣಿನ ನೊಣದ ಮರಿಹುಳುವಿಗೂ ಪ್ರೌಢ ನೊಣಕ್ಕೂ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಕಿಣ್ವದ ಬೇರೆ ಬೇರೆ ಜೀನ್‌ಗಳಿವೆ, ಮದ್ಯಸಾರ ಬೆರೆಸಿದ ಆಹಾರ ಕೊಟ್ಟರೆ ‘ಸ್ಲೋ’ ಜೀನ್ ‘ಫಾಸ್ಟ್’ ಆಗುತ್ತದೆ” ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ಮಾತು ತಪ್ಪು. ಹಣ್ಣಿನ ನೊಣದಲ್ಲಿ (ಡ್ರೊಸೊಫಿಲಾ ಮೆಲನೊಗ್ಯಾಸ್ಟರ್) ಮದ್ಯಸಾರವನ್ನು ಒಡೆಯುವ ಈ ಕಿಣ್ವದ ಜೀನ್ ಒಂದೇ; ಅದನ್ನು ಮರಿಹುಳುವಿನ ಹಂತದಲ್ಲಿ ಹೆಚ್ಚಾಗಿ ಒಂದು ಪ್ರವರ್ತಕವೂ (ಪ್ರೊಮೋಟರ್, ಅಂದರೆ ಜೀನ್ ಕೆಲಸ ಆರಂಭಿಸುವಂತೆ ಮಾಡುವ ಡಿಎನ್‌ಎ ಭಾಗ) ಪ್ರೌಢಾವಸ್ಥೆಯಲ್ಲಿ ಇನ್ನೊಂದೂ ಚಾಲನೆಗೊಳಿಸುತ್ತವೆ. ಫಾಸ್ಟ್, ಸ್ಲೋ ಎಂಬ ಈ ಜೀನ್‌ನ ಎರಡು ರೂಪಗಳು (ವಿದ್ಯುತ್ ಹರಿಸಿದ ಜೆಲ್‌ನಲ್ಲಿ ಅವುಗಳ ಕಿಣ್ವ ಚಲಿಸುವ ವೇಗದಿಂದ ಬಂದ ಹೆಸರುಗಳು) ಆನುವಂಶಿಕವಾದವು: 1983ರಲ್ಲಿ ತಳಿವಿಜ್ಞಾನಿ ಮಾರ್ಟಿನ್ ಕ್ರೈಟ್‌ಮನ್ ಈ ಜೀನ್‌ನ 11 ಪ್ರತಿಗಳ ಡಿಎನ್‌ಎ ಸರಣಿಯನ್ನು ಓದಿದಾಗ ಅಮೈನೋ ಆಮ್ಲದ (ಪ್ರೋಟೀನಿನ ಘಟಕದ) ವ್ಯತ್ಯಾಸ ಕಂಡದ್ದು ಒಂದೇ ಕಡೆ, ಫಾಸ್ಟ್‌ನಲ್ಲಿ ಥ್ರಿಯೋನಿನ್ ಇರುವಲ್ಲಿ ಸ್ಲೋದಲ್ಲಿ ಲೈಸಿನ್. ಮದ್ಯಸಾರದ ಆಹಾರದಿಂದ ಮರಿಹುಳುವಿನಲ್ಲಿ ಕಿಣ್ವದ ಚಟುವಟಿಕೆ ಹೆಚ್ಚಬಹುದು (ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಯೇ), ಆದರೆ ಜೀನ್‌ನ ರೂಪ ಬದಲಾಗುವುದಿಲ್ಲ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ.